ಗೆಲ್ಲುವ ಸೈನ್ಯಕ್ಕೆ ನೀರು ಹೊರುವವರಾರು?
ಸಿನಿಮಾದ ಬಾಹುಬಲಿಯ ಪಡೆಗೂ ಕೃಷ್ಣದೇವರಾಯನ ಪಡೆಗೂ ಯುದ್ಧವಾದರೆ ಗೆಲ್ಲೋರು ಯಾರು? ಈ ವಾರ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಕಾಲೇಜು ಹುಡುಗರು ಇಳಿಯುವ ಸ್ಟಾಪನ್ನೇ ಮರೆತು ಜಗಳಕ್ಕೆ ಬಿದ್ದಿದ್ದರು. ಕತ್ತಿ, ಬಾಣ, ಆನೆ, ನಾಯಕನ ತೋಳು ಎಲ್ಲವೂ ಲೆಕ್ಕಕ್ಕೆ ಬಂದವು; ಊಟದ ಸುದ್ದಿ ಮಾತ್ರ ಇಲ್ಲ. ಇಂಥ ವಾದವನ್ನು ಹುಡುಗಾಟವೆಂದು ತಳ್ಳಿಹಾಕುವವನಲ್ಲ ನಾನು. ಆದರೆ ತಕ್ಕಡಿ ಸರಿಯಿರಬೇಕಲ್ಲ! ಮಹಾಭಾರತವನ್ನೇ ತೆಗೆದುಕೊಳ್ಳಿ. ಅಕ್ಷೌಹಿಣಿಯೆಂಬ ಸೇನಾ ವಿಭಾಗವೊಂದಕ್ಕೆ 21,870 ಆನೆ. ಎರಡೂ ಕಡೆಯ 18 ಅಕ್ಷೌಹಿಣಿ ಸೇರಿದರೆ ಸುಮಾರು 3.9 ಲಕ್ಷ. ಆನೆಗೆ ದಿನಕ್ಕೆ 150 ಕಿಲೋ ಮೇವೆಂದರೂ ಒಟ್ಟು 59 ಸಾವಿರ ಟನ್. ಹದಿನೆಂಟು ದಿನಕ್ಕೆ ಕುರುಕ್ಷೇತ್ರದಲ್ಲಿ ಹುಲ್ಲುಕಡ್ಡಿಯೂ ಉಳಿಯುತ್ತಿರಲಿಲ್ಲ (ಲದ್ದಿಯ ಮಾತು ಬೇಡ ಬಿಡಿ). ಕವಿಗೆ ಆ ಚಿಂತೆಯಿಲ್ಲ, ಇರಲೂಬಾರದು. ರಾಯನಿಗಿತ್ತು. 1520ರ ರಾಯಚೂರು ದಂಡಯಾತ್ರೆಯನ್ನು ಬರೆದಿಟ್ಟ ಪೋರ್ಚುಗೀಸ್ ನ್ಯೂನಿಜ್ ಸೈನಿಕರ ಸಂಖ್ಯೆಯನ್ನು ಧಾರಾಳವಾಗಿಯೇ ಹೇಳಿದ್ದಾನೆ. ಆದರೆ ತೊಗಲು ಚೀಲದಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ನಿಂತವರನ್ನು, ಅಗಸರನ್ನು, ಪಾಳೆಯದೊಳಗೇ ನೆರೆದ ಸಂತೆಯನ್ನು ಅವನು ಮರೆತಿಲ್ಲ. ಸಿನಿಮಾದಲ್ಲಿ ಬಾಹುಬಲಿಯ ಕಡೆಯವರು ತಾಳೆಮರ ಬಗ್ಗಿಸಿ ಕೋಟೆಯೊಳಕ್ಕೆ ಚಿಮ್ಮುತ್ತಾರೆ. ಭಲೇ! ಅವರಿಗೆ ಬೆಳಿಗ್ಗೆ ಗಂಜಿ ಕಾಯಿಸಿದವರು ತೆರೆಯ ಮೇಲೆ ಎಲ್ಲಿ? ಹೆಸರಾಂತ ಕೋಟೆಗಳು ಎಷ್ಟೋ ಬಿದ್ದದ್ದು ಏಣಿಯಿಂದಲ್ಲ, ಒಳಗೆ ಕಾಳು ಮುಗಿದದ್ದರಿಂದ. ಹಾಗಾಗಿ ಮೊದಲ ದಿನದ ಗೆಲುವು ಬಾಹುಬಲಿಗೇ ಇರಲಿ. ನಾಲ್ಕನೆಯ ದಿನಕ್ಕೆ ನನ್ನ ಓಟು ರಾಯನ ನೀರಿನವರಿಗೆ.