ಎಕ್ಸ್-ರೇಗೆ ಕಾಣದ ಹೈಡ್ರೋಜನ್ ನ್ಯೂಟ್ರಾನ್‌ಗೆ ಕಾಣುವುದು ಹೇಗೆ?

‘ನ್ಯೂಕ್ಲಿಯರ್’ ಎಂಬ ಪದ ಕಂಡರೆ ಬಾಂಬು, ವಿಕಿರಣ ನೆನಪಾಗುವುದು ಸಹಜ. ಆದರೆ ‘ನ್ಯೂಕ್ಲಿಯರ್ ಸ್ಪಿನ್’ ಎಂದರೆ ಪರಮಾಣುವಿನ ಬೀಜಕ್ಕೆ ಇರುವ ಪುಟ್ಟ ಅಯಸ್ಕಾಂತದಂಥ ಗುಣ, ಅಷ್ಟೇ. ಎಂಆರ್‌ಐ ಸ್ಕ್ಯಾನ್ ನಡೆಯುವುದೂ ಇದರಿಂದಲೇ. ಈ ಗುಣ ಔಷಧ ಸಂಶೋಧನೆಗೆ ಹೇಗೆ ನೆರವಾಗುತ್ತದೆ? ನೋಡೋಣ.

ಹೈಡ್ರೋಜನ್ ಯಾಕೆ ಮುಖ್ಯ?

ಔಷಧವು ಪ್ರೋಟೀನಿಗೆ ಅಂಟಿಕೊಳ್ಳುವಲ್ಲಿ ಹೈಡ್ರೋಜನ್‌ನ ಪಾತ್ರ ದೊಡ್ಡದು. ಪ್ರೋಟೀನಿನ ರಚನೆ ತಿಳಿಯಲು ಬಳಸುವ ಎಕ್ಸ್-ರೇ ಚದುರುವುದು ಎಲೆಕ್ಟ್ರಾನ್‌ಗಳಿಂದ. ಹೈಡ್ರೋಜನ್‌ಗೆ ಇರುವುದು ಒಂದೇ ಎಲೆಕ್ಟ್ರಾನ್, ಹಾಗಾಗಿ ಅದು ಮಸುಕು. ನ್ಯೂಟ್ರಾನ್ ಚದುರುವುದು ಪರಮಾಣು ಬೀಜದಿಂದ, ಹಾಗಾಗಿ ಅದಕ್ಕೆ ಹೈಡ್ರೋಜನ್ ಕಾಣುತ್ತದೆ. 2020ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು ಕೊರೊನಾ ವೈರಸ್‌ನ ಮುಖ್ಯ ಪ್ರೋಟಿಯೇಸ್ ಕಿಣ್ವದಲ್ಲಿ ಹೈಡ್ರೋಜನ್‌ಗಳು ಎಲ್ಲಿವೆ ಎಂದು ಗುರುತಿಸಿದ್ದು ನ್ಯೂಟ್ರಾನ್‌ಗಳಿಂದಲೇ.

ಹಾಗಾದರೆ ತೊಡಕೇನು?

ನ್ಯೂಟ್ರಾನ್‌ಗೂ ಸ್ಪಿನ್ ಇದೆ. ಅದರ ಸ್ಪಿನ್ ಮತ್ತು ಹೈಡ್ರೋಜನ್ ಬೀಜದ ಸ್ಪಿನ್ ಒಂದೇ ದಿಕ್ಕಿನಲ್ಲಿದ್ದರೆ ಚದುರುವ ಬಗೆ ಒಂದು, ವಿರುದ್ಧವಾಗಿದ್ದರೆ ಇನ್ನೊಂದು. ಸಾಮಾನ್ಯವಾಗಿ ಈ ದಿಕ್ಕುಗಳು ಅಡ್ಡಾದಿಡ್ಡಿ. ಆದ್ದರಿಂದ ಹೈಡ್ರೋಜನ್‌ನಿಂದ ಚದುರುವ ನ್ಯೂಟ್ರಾನ್‌ಗಳಲ್ಲಿ ಸುಮಾರು ಶೇ 98ರಷ್ಟು ಬರೀ ಗದ್ದಲ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ! ಇದಕ್ಕಾಗಿ ಹೈಡ್ರೋಜನ್ ಬದಲು ಡ್ಯೂಟೀರಿಯಂ ಸೇರಿಸಬೇಕು, ದೊಡ್ಡ ಹರಳು ಬೆಳೆಸಬೇಕು, ದಿನಗಟ್ಟಲೆ ಕಾಯಬೇಕು.

ಪರಿಹಾರ ಏನು?

ಎರಡರ ಸ್ಪಿನ್‌ಗಳನ್ನೂ ಸಾಲಾಗಿ ನಿಲ್ಲಿಸುವುದು. ಇದು ಸುಲಭವಲ್ಲ. 3 ಟೆಸ್ಲಾ ಎಂಆರ್‌ಐ ಯಂತ್ರದಲ್ಲೂ 10 ಲಕ್ಷ ಹೈಡ್ರೋಜನ್ ಬೀಜಗಳಲ್ಲಿ ಒಂದು ದಿಕ್ಕಿಗೆ ಹೆಚ್ಚಾಗಿ ನಿಲ್ಲುವುದು ಸುಮಾರು 10 ಮಾತ್ರ. ಎಲೆಕ್ಟ್ರಾನ್‌ಗಳು ಸಾಲಿಗೆ ಬೇಗ ಬರುತ್ತವೆ. ಹಾಗಾಗಿ ಹರಳನ್ನು ಸುಮಾರು ಮೈನಸ್ 272 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ, ಬಲವಾದ ಅಯಸ್ಕಾಂತದಲ್ಲಿಟ್ಟು, ಮೈಕ್ರೋವೇವ್ ಹಾಯಿಸಿ, ಎಲೆಕ್ಟ್ರಾನ್‌ಗಳ ಆ ಶಿಸ್ತನ್ನು ಹೈಡ್ರೋಜನ್‌ಗೆ ದಾಟಿಸುತ್ತಾರೆ. ಆಗ ಗದ್ದಲ ತಗ್ಗಿ ಸಂಕೇತ ಬಲಗೊಳ್ಳುತ್ತದೆ. ಓಕ್ ರಿಡ್ಜ್‌ನಲ್ಲಿ ಲೈಸೊಜೈಮ್ ಎಂಬ ಪ್ರೋಟೀನಿನ ಹರಳಿನ ಮೇಲೆ ಇದನ್ನು ಪ್ರಯೋಗಿಸಿದ್ದಾರೆ. ಚಿಕ್ಕ ಹರಳು, ಕಡಿಮೆ ಸಮಯ ಸಾಕಾಗಬಹುದು ಎಂಬುದೇ ಇಲ್ಲಿನ ಆಸೆ.

ಇದರಿಂದ ವಿಕಿರಣ ಬರುತ್ತದೆಯೇ?

ಸ್ಪಿನ್ ದಿಕ್ಕು ಬದಲಾದರೆ ಪರಮಾಣು ಒಡೆಯುವುದಿಲ್ಲ, ವಿಕಿರಣ ಸೂಸುವುದೂ ಇಲ್ಲ. ನ್ಯೂಟ್ರಾನ್ ಬೇಕಿರುವುದರಿಂದ ರಿಯಾಕ್ಟರಿನಂಥ ದೊಡ್ಡ ಕೇಂದ್ರಗಳಲ್ಲೇ, ಸುರಕ್ಷತಾ ಕ್ರಮಗಳೊಂದಿಗೆ ಈ ಪ್ರಯೋಗ ನಡೆಯುತ್ತದೆ.

ನಾವು ಹೇಳುವುದಿಷ್ಟು: ಇದು ಔಷಧವಲ್ಲ, ಚಿಕಿತ್ಸೆಯೂ ಅಲ್ಲ, ಪ್ರೋಟೀನನ್ನು ಸ್ಪಷ್ಟವಾಗಿ ನೋಡುವ ವಿಧಾನ. ‘ನ್ಯೂಕ್ಲಿಯರ್ ಸ್ಪಿನ್‌ನಿಂದ ರೋಗ ವಾಸಿ’ ಎಂದು ಯಾರಾದರೂ ಕಳಿಸಿದರೆ, ಫಾರ್ವರ್ಡ್ ಮಾಡುವ ಮುನ್ನ ಈ ವ್ಯತ್ಯಾಸ ನೆನಪಿರಲಿ.