ಅಪ್ರಿಯ ನಿರ್ಧಾರ: ಯಾರಿಗೆ ಅಪ್ರಿಯ?

2025ರ ಮೊದಲ ನಾಲ್ಕು ತಿಂಗಳುಗಳಲ್ಲಿ ಬೆಂಗಳೂರಿನ ನಾಗರಿಕರು ಒಂದರ ಬೆನ್ನಿಗೊಂದರಂತೆ ದರ ಏರಿಕೆಗಳನ್ನು ಕಂಡರು. ಜನವರಿಯಲ್ಲಿ ಬಸ್ ಪ್ರಯಾಣ ದರ ಶೇ 15ರಷ್ಟು ಹೆಚ್ಚಿತು. ಫೆಬ್ರುವರಿಯಲ್ಲಿ ಮೆಟ್ರೊ ರೈಲಿನ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಜಿಗಿಯಿತು. ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ ದುಬಾರಿಯಾಯಿತು; ಅದೇ ತಿಂಗಳು ಕಾವೇರಿ ನೀರಿನ ದರವೂ ಏರಿತು. ವಿರೋಧ ಪಕ್ಷ ಜನಾಕ್ರೋಶದ ಹೆಸರಿನಲ್ಲಿ ಯಾತ್ರೆ ಹೊರಟಿತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬೆಳಗಿನ ವಾಯುವಿಹಾರದಲ್ಲಿಯೂ ಇದೇ ಮಾತು. ಆ ಅಸಮಾಧಾನ ಸಹಜವಾದುದೇ. ಆದರೆ ಎಲ್ಲ ಏರಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ವಿಶೇಷವಾಗಿ ನೀರಿನ ದರವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗಿದೆ. ರಾಜಕೀಯ ಧೈರ್ಯ ಎಂದರೇನು ಎಂಬ ಪ್ರಶ್ನೆಗೆ ನಮ್ಮ ನಲ್ಲಿಯಲ್ಲೇ ಉತ್ತರದ ಒಂದು ಭಾಗವಿದೆ.

ಮೊದಲಿಗೆ ಲೆಕ್ಕವನ್ನು ನೋಡೋಣ. ಬೆಂಗಳೂರು ಜಲಮಂಡಳಿ ನೀರಿನ ದರವನ್ನು ಇದಕ್ಕೆ ಮುಂಚೆ ಪರಿಷ್ಕರಿಸಿದ್ದು 2014ರಲ್ಲಿ. ಗೃಹಬಳಕೆಗೆ ಮೊದಲ 8,000 ಲೀಟರಿಗೆ ಕಿಲೋಲೀಟರಿಗೆ, ಅಂದರೆ ಸಾವಿರ ಲೀಟರಿಗೆ, 7 ರೂಪಾಯಿ. ನಂತರ 25,000 ಲೀಟರಿನವರೆಗೆ 11 ರೂಪಾಯಿ. ಮುಂದಿನ ಸುಮಾರು ಹತ್ತೂವರೆ ವರ್ಷ ಈ ದರ ಒಂದು ಪೈಸೆಯೂ ಅಲುಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಮೊದಲ ಹಂತಕ್ಕೆ ಲೀಟರಿಗೆ 0.15 ಪೈಸೆ, ಎರಡನೆಯ ಹಂತಕ್ಕೆ 0.30 ಪೈಸೆ ಸೇರಿಸಲಾಯಿತು. ತಿಂಗಳಿಗೆ 20,000 ಲೀಟರ್ ಬಳಸುವ ಮನೆಯೊಂದಕ್ಕೆ ನೀರಿನ ಬಾಬ್ತು 188 ರೂಪಾಯಿಯಿಂದ 236 ರೂಪಾಯಿಗೆ ಏರಿತು. ಹೆಚ್ಚಳ 48 ರೂಪಾಯಿ. ಗಾಂಧಿ ಬಜಾರಿನಲ್ಲಿ ಇಬ್ಬರು ತಿಂಡಿ ತಿಂದು ಕಾಫಿ ಕುಡಿದರೆ ಇದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ.

ಈ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಸ್ಮರಿಸಬೇಕು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ, 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿಯ ಮೊದಲ ಹಂತ: ನಗರ ಬೆಳೆದಂತೆಲ್ಲ ನೀರಿನ ಮೂಲ ದೂರ ಸರಿಯುತ್ತಾ ಹೋಯಿತು. ಇಂದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಂತ ಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಪಂಪ್ ಮಾಡಿ ತರಬೇಕು. ಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ತಿನದು. ದರ ಸ್ಥಗಿತಗೊಂಡಿದ್ದ ಅವಧಿಯಲ್ಲಿ ವಿದ್ಯುತ್ ಶುಲ್ಕ ಹಲವು ಬಾರಿ ಏರಿತು, ಸಂಬಳ ಏರಿತು, ಪೈಪಿನ ಬೆಲೆ ಏರಿತು. ನೀರಿನ ಬೆಲೆ ಮಾತ್ರ ನಿಂತಲ್ಲೇ ನಿಂತಿತ್ತು.

ಆ ಅವಧಿಯಲ್ಲಿ ವಿಧಾನಸೌಧದಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಪಕ್ಷಗಳ ಮುಖ್ಯಮಂತ್ರಿಗಳು ಆಡಳಿತ ನಡೆಸಿದರು. ಆದುದರಿಂದ ಈ ವಿಳಂಬದ ಹೊಣೆಯಿಂದ ಯಾವ ಪಕ್ಷವೂ ಮುಕ್ತವಲ್ಲ. ದರ ಪರಿಷ್ಕರಣೆಯ ಕಡತ ಮೇಲೆ ಹೋಗುವುದು, 'ಸದ್ಯಕ್ಕೆ ಮುಂದೂಡಬಹುದು' ಎಂಬ ಷರಾದೊಂದಿಗೆ ಕೆಳಗಿಳಿಯುವುದು: ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನನಗೆ ಇದು ಅತ್ಯಂತ ಪರಿಚಿತ ದೃಶ್ಯ. ಚುನಾವಣೆ ಸಮೀಪಿಸಿದೆ ಎಂಬುದು ಮಾಮೂಲಿ ಕಾರಣ. ಆದರೆ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ದರ ಏರಿದ 2025ರವರೆಗೂ ನಗರದಲ್ಲಿ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ. ಮತ ಕೇಳಲು ಮನೆ ಬಾಗಿಲಿಗೆ ಬರುವ ಕಾರ್ಪೊರೇಟರುಗಳೇ ಇಲ್ಲದಿದ್ದಾಗಲೂ ದರ ಏರಿಸುವ ಮನಸ್ಸಾಗಲಿಲ್ಲ ಎಂದರೆ, ಮುಂದೂಡಿಕೆ ನಮ್ಮ ಆಡಳಿತದ ಅಭ್ಯಾಸವೇ ಆಗಿಬಿಟ್ಟಿದೆ ಎಂದರ್ಥ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ದರ ಏರಿಸದಿರುವುದೂ ಒಂದು ನಿರ್ಧಾರವೇ. ಅದಕ್ಕೂ ಬೆಲೆಯಿದೆ; ಆ ಬೆಲೆಯನ್ನು ತೆರುವವರು ಬೇರೆಯವರು.

2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಲಾಯಿತು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿನ ಜನ ಹೆಚ್ಚಾಗಿ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿ ಬದುಕಿದರು. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ಮಾಲೀಕರ ಸುಲಿಗೆ ತಡೆಯಲು ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಕಿಲೋಲೀಟರಿಗೆ 100 ರೂಪಾಯಿ ಎಂದಾಯಿತು. ಇದು ಸುಲಿಗೆಯ ದರವಲ್ಲ, ಸರ್ಕಾರ ನ್ಯಾಯಸಮ್ಮತವೆಂದು ಒಪ್ಪಿದ ದರ. ಅದೇ ತಿಂಗಳು ಚಾಮರಾಜಪೇಟೆಯ ಮನೆಯೊಂದು ಮೊದಲ ಎಂಟು ಕಿಲೋಲೀಟರಿಗೆ ತಲಾ 7 ರೂಪಾಯಿ ತೆರುತ್ತಿತ್ತು. ಒಂದೇ ನಗರದಲ್ಲಿ ನೀರಿಗೆ ಹದಿನಾಲ್ಕು ಪಟ್ಟು ವ್ಯತ್ಯಾಸ. ಹೊರವಲಯದಲ್ಲಿ ಟ್ಯಾಂಕರ್ ನೀರು ಕೊಳ್ಳುವವರೆಲ್ಲ ಸಾಫ್ಟ್‌ವೇರ್ ಸಂಬಳದವರಲ್ಲ. ಕಟ್ಟಡ ಕಾರ್ಮಿಕರು, ಕಾವಲುಗಾರರು, ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಬಾಡಿಗೆಗಿರುವುದೂ ಅಲ್ಲಿಯೇ.

ಹಳೆಯ ಬಡಾವಣೆಗಳ ನೀರು ಅಗ್ಗವಾಗಿ ಉಳಿದುದಕ್ಕೂ ಹೊರವಲಯಕ್ಕೆ ಕೊಳವೆ ತಡವಾಗಿ ತಲುಪಿದುದಕ್ಕೂ ಸಂಬಂಧವಿದೆ. ವಿಳಂಬಕ್ಕೆ ಅನ್ಯ ಕಾರಣಗಳೂ ಇದ್ದವು, ನಿಜ. ಆದರೆ ಉತ್ಪಾದನಾ ವೆಚ್ಚವನ್ನೇ ಹುಟ್ಟಿಸಿಕೊಳ್ಳಲಾಗದ ಸಂಸ್ಥೆ ಸ್ವಂತ ಹಣದಿಂದ ಹೊಸ ಕೊಳವೆ ಹಾಕಲಾರದು. ಸಾಲಕ್ಕೆ ಕಾಯಬೇಕು, ಅನುದಾನಕ್ಕೆ ಕೈಚಾಚಬೇಕು. ಐದನೆಯ ಹಂತ ನಡೆದದ್ದೂ ಜಪಾನಿನ ಸಾಲದಿಂದ. ಕೊಳವೆ ಇದ್ದವರಿಗೆ ದೊರೆತ ರಿಯಾಯಿತಿಯ ಭಾರವನ್ನು ಕೊಳವೆ ಇಲ್ಲದವರೂ ಹೊತ್ತರು.

ನಮ್ಮ ಈ ಬಡಾವಣೆಗಳಿಗೆ ಇಂಥ ಪ್ರಶ್ನೆ ಎದುರಾಗಿರುವುದು ಇದೇ ಮೊದಲಲ್ಲ. ದೇವರಾಜ ಅರಸು ಸರ್ಕಾರ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ನೆಲೆಸಿ ಊರಿನಿಂದ ಗೇಣಿ ಬತ್ತ ತರಿಸಿಕೊಳ್ಳುತ್ತಿದ್ದ ಅನೇಕ ಕುಟುಂಬಗಳು ಜಮೀನು ಕಳೆದುಕೊಂಡವು. ಆ ನೋವಿನ ನೆನಪು ಕೆಲವು ಮನೆಗಳಲ್ಲಿ ಇನ್ನೂ ಮಾಸಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಉಪವಿಭಾಗಾಧಿಕಾರಿಯಾಗಿ ಭೂ ನ್ಯಾಯಮಂಡಳಿಯ ಬಾಕಿ ಕಡತಗಳನ್ನು ನೋಡುವ ಅವಕಾಶ ನನಗೆ ದೊರೆತಿತ್ತು. ಅವುಗಳಲ್ಲಿ ದೊಡ್ಡ ಜಮೀನ್ದಾರರಷ್ಟೇ ಇರಲಿಲ್ಲ. ಎರಡು ಎಕರೆ ಗೇಣಿಗೆ ಕೊಟ್ಟಿದ್ದ ವಿಧವೆಯರೂ ಇದ್ದರು. ಕಾಯ್ದೆ ಸೈನಿಕರಿಗೆ, ನಾವಿಕರಿಗೆ ತೋರಿದ ರಿಯಾಯಿತಿಯನ್ನು ಅಂಥವರಿಗೆ ತೋರಲಿಲ್ಲ. ಅದು ಅದರ ದೋಷ. ಇನ್ನೊಂದೆಡೆ ಫಾರಂ 7ರ ಮೇಲೆ ಹೆಬ್ಬೆಟ್ಟೊತ್ತಿ, ತಲೆಮಾರುಗಳಿಂದ ಉತ್ತ ನೆಲಕ್ಕೆ ಮೊದಲ ಬಾರಿಗೆ ಹಕ್ಕುದಾರನಾದವನೂ ಅದೇ ಕಡತದಲ್ಲಿದ್ದ.

ಅರಸು ಅವರ ನಿರ್ಧಾರ ಅಪ್ರಿಯವೆಂದು ಆಗ ಹೇಳಿದವರು ಯಾರು? ಪತ್ರಿಕೆಗೆ ಬರೆಯಬಲ್ಲವರು, ವಕೀಲರನ್ನಿಡಬಲ್ಲವರು, ಸಚಿವರ ಮನೆಗೆ ನೇರ ಹೋಗಬಲ್ಲವರು. 1978ರ ವಿಧಾನಸಭಾ ಚುನಾವಣೆಯಲ್ಲಿ ಅದೇ ಅರಸು ನೇತೃತ್ವದ ಪಕ್ಷ ಸ್ಪಷ್ಟ ಬಹುಮತದಿಂದ ಗೆದ್ದುಬಂತು. 1980ರಲ್ಲಿ ಅವರು ಅಧಿಕಾರ ಕಳೆದುಕೊಂಡದ್ದರ ಹಿಂದೆ ಇಂದಿರಾ ಗಾಂಧಿಯವರೊಡನೆ ಒಡೆದ ಸಂಬಂಧವಿತ್ತು. ಆದುದರಿಂದ 'ಜನವಿರೋಧಿ' ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ 'ಯಾವ ಜನ?' ಎಂದು ಕೇಳುವುದು ಒಳ್ಳೆಯದು. ದನಿಯಿಲ್ಲದವರ ಮೇಲೆ ಹೊರೆ ಹೊರಿಸಲು ಧೈರ್ಯ ಬೇಕಿಲ್ಲ. ದನಿಯುಳ್ಳವರಿಂದ ಅವರ ಪಾಲನ್ನು ಕೇಳುವಾಗಲೇ ಅದರ ಪರೀಕ್ಷೆ.

ಹಾಗೆಂದು ಅಪ್ರಿಯವಾದುದೆಲ್ಲವೂ ಧೀರ ನಿರ್ಧಾರವಾಗುವುದಿಲ್ಲ. ಹಠವನ್ನು ಧೈರ್ಯವೆಂದು ಬಿಂಬಿಸುವುದು ರಾಜಕಾರಣಿಗಳಿಗೆ ಸುಲಭ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ನಿರ್ಮಿಸುವ ಯೋಜನೆಯನ್ನು 2016ರಲ್ಲಿ ಸರ್ಕಾರ ಮುಂದಿಟ್ಟಾಗ ನಾಗರಿಕರು ಮಾನವ ಸರಪಳಿ ರಚಿಸಿ ವಿರೋಧಿಸಿದರು. ಸುಮಾರು 1,791 ಕೋಟಿ ರೂಪಾಯಿಯ ಆ ಯೋಜನೆಗೆ ಸಮರ್ಥನೆಯೂ ಪಾರದರ್ಶಕತೆಯೂ ಸಾಲದೆಂಬುದು ಅವರ ಆಕ್ಷೇಪ. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಹಿಂದೆ ಸರಿಯಲೂ ಒಂದು ಬಗೆಯ ಧೈರ್ಯ ಬೇಕು. ನಿರ್ಧಾರದ ಹಿಂದಿನ ಲೆಕ್ಕ ಜನರ ಮುಂದಿದೆಯೇ, ಹೊರೆ ಅದನ್ನು ಹೊರಬಲ್ಲವರ ಮೇಲೆ ಬಿದ್ದಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅಪ್ರಿಯತೆಯ ಯೋಗ್ಯತೆ ತಿಳಿಯುತ್ತದೆ.

ಈ ಒರೆಗಲ್ಲಿನ ಮೇಲೆ ನೀರಿನ ದರ ಭಾಗಶಃ ತೇರ್ಗಡೆಯಾಗುತ್ತದೆ. ಕಡಿಮೆ ಬಳಸುವವರಿಗೆ ಕಡಿಮೆ, ಹೆಚ್ಚು ಬಳಸುವವರಿಗೆ ಹೆಚ್ಚು ಎಂಬ ಹಂತಕ್ರಮ ನ್ಯಾಯಯುತವಾಗಿದೆ. ಆದರೆ ಮಂಡಳಿ ಲೀಟರಿಗೆ ಏಳೆಂಟು ಪೈಸೆ ಏರಿಕೆ ಕೇಳಿತ್ತು, ತಾವು ಒಂದು ಪೈಸೆಯಷ್ಟೇ ಏರಿಸುವುದಾಗಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು 2025ರ ಮಾರ್ಚ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಹೇಳಿದ್ದರು. ಕೊನೆಗೆ ಆ ಒಂದು ಪೈಸೆಯೂ 50,000 ಲೀಟರಿಗಿಂತ ಹೆಚ್ಚು ಬಳಸುವ ಮನೆಗಳಿಗಷ್ಟೇ ಪೂರ್ತಿಯಾಗಿ ತಟ್ಟಿತು. ಅಂದರೆ ಧೈರ್ಯವೂ ಅಳೆದು ಸುರಿದದ್ದೇ.

ಗ್ಯಾರಂಟಿ ಯೋಜನೆಗಳ ಖರ್ಚನ್ನು ನಮ್ಮ ನಲ್ಲಿಯಿಂದ ವಸೂಲು ಮಾಡುತ್ತಿದ್ದಾರೆ ಎಂಬ ದೂರನ್ನು ಹಲವರು ಮುಂದಿಡುತ್ತಾರೆ. ಗ್ಯಾರಂಟಿಗಳ ಆರ್ಥಿಕ ಔಚಿತ್ಯ ಚರ್ಚಾರ್ಹವೇ. ಆದರೆ ಜಲಮಂಡಳಿಯ ಲೆಕ್ಕ ಬಜೆಟ್ಟಿನಿಂದ ಬೇರೆ, ಅದರ ಕೊರತೆ 2023ಕ್ಕೂ ಮುಂಚಿನಿಂದ ಬೆಳೆದುಬಂದದ್ದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸೋರಿಕೆಯದು. ಪೂರೈಸಿದ ನೀರಿನಲ್ಲಿ ಸುಮಾರು ಕಾಲು ಭಾಗ ಬಿಲ್ಲಿನ ಲೆಕ್ಕಕ್ಕೇ ಸಿಗುವುದಿಲ್ಲ. ದರ ಕೇಳುವ ಮಂಡಳಿ ಪ್ರತಿ ವರ್ಷ ಸೋರಿಕೆಯ ಪ್ರಮಾಣವನ್ನೂ ವಾರ್ಡುವಾರು ಪ್ರಕಟಿಸಬೇಕೆಂದು ನಾವು ಒತ್ತಾಯಿಸಬೇಕು. ಒಂದೇ ಮೀಟರಿನ ಮೇಲೆ ನಾಲ್ಕೈದು ಸಂಸಾರಗಳಿರುವ ಹಳೆಯ ವಠಾರಗಳು ದುಬಾರಿ ಹಂತಕ್ಕೆ ಜಾರದಂತೆ ನೋಡಿಕೊಳ್ಳುವುದೂ ಮಂಡಳಿಯ ಕರ್ತವ್ಯ.

2025ರ ಆದೇಶದಲ್ಲಿ ನನಗೆ ಮುಖ್ಯವೆನಿಸಿದ ಅಂಶಕ್ಕೆ ಪ್ರಚಾರವೇ ದೊರೆಯಲಿಲ್ಲ. 2026ರಿಂದ ಪ್ರತಿ ಏಪ್ರಿಲ್ 1ರಂದು ದರ ಶೇ 3ರಷ್ಟು ಏರತಕ್ಕದ್ದೆಂಬ ನಿಯಮ ಅದರಲ್ಲಿದೆ. 236 ರೂಪಾಯಿಯ ಬಿಲ್ಲಿಗೆ ಇದು ಮೊದಲ ವರ್ಷ ಏಳು ರೂಪಾಯಿ ಸೇರಿಸುತ್ತದೆ. ಮೆಟ್ರೊ ದರ 2017ರ ಬಳಿಕ ಎಂಟು ವರ್ಷ ಅಲುಗದೆ ಒಮ್ಮೆಗೇ ಜಿಗಿದಾಗ ಆದ ಕೋಲಾಹಲವನ್ನು ಕಂಡಿದ್ದೇವೆ. ಕೆಲವೇ ದಿನಗಳಲ್ಲಿ ಅದನ್ನು ತಿದ್ದಬೇಕಾಯಿತು. ಸಣ್ಣ ಏರಿಕೆ ನಿಯಮಬದ್ಧವಾಗಿ ಬಂದರೆ ಜನರಿಗೆ ಆಘಾತವಾಗದು, ಮಂತ್ರಿಗಳು ಪ್ರತಿ ವರ್ಷವೂ ಧೈರ್ಯ ತಂದುಕೊಳ್ಳಬೇಕಾಗಿಯೂ ಇಲ್ಲ. ಒಮ್ಮೆ ತೋರಿದ ಧೈರ್ಯವನ್ನು ನಿಯಮವಾಗಿ ಬರೆದಿಡುವುದೇ ಒಳ್ಳೆಯ ಆಡಳಿತ.

ಆದರೆ ನಿಯಮವನ್ನು ಒಂದು ಸುತ್ತೋಲೆಯಿಂದ ತಡೆಹಿಡಿಯಲೂ ಬಹುದು. ಮುಂದಿನ ವಿಧಾನಸಭಾ ಚುನಾವಣೆ ನಡೆಯಬೇಕಾದದ್ದು 2028ರ ಬೇಸಿಗೆಯ ಹೊತ್ತಿಗೆ. ಆ ವರ್ಷದ ಏಪ್ರಿಲ್ 1 ಪ್ರಚಾರದ ಕಾವಿನ ನಡುವೆಯೇ ಬಂದೀತು. ಆಗ ಶೇ 3ರ ಏರಿಕೆಯನ್ನು ತಡೆಯುವುದಾಗಿ ಒಂದಲ್ಲ ಒಂದು ಪಕ್ಷ ನಮ್ಮ ಬಡಾವಣೆಗಳಿಗೆ ಬಂದು ಭರವಸೆ ನೀಡುವ ಸಂಭವವಿದೆ. ನಮಗೆ ಉಳಿಯುವ ಹತ್ತಿಪ್ಪತ್ತು ರೂಪಾಯಿಯನ್ನು ಮಹದೇವಪುರದಲ್ಲೋ ಬೊಮ್ಮನಹಳ್ಳಿಯಲ್ಲೋ ಯಾರು ಭರಿಸುತ್ತಾರೆ ಎಂದು ಆ ಅಭ್ಯರ್ಥಿಯನ್ನು ಕೇಳುವ ಕೆಲಸ ನಮ್ಮದು.