ಉದ್ಯಮ್ ಸರ್ಟಿಫಿಕೇಟ್ ಬರೀ ಸಾಲಕ್ಕೆ ಯಾಕೆ?

ಊರಲ್ಲಿ ಅನೇಕರು ಉದ್ಯಮ್ ಸರ್ಟಿಫಿಕೇಟ್ ಮಾಡಿಸುವುದು ಬ್ಯಾಂಕ್ ಸಾಲಕ್ಕೆ. ಸಾಲ ಸಿಕ್ಕ ಮೇಲೆ ಅದು ಟ್ರಂಕು ಸೇರುತ್ತದೆ. ಅದೇ ಕಾಗದ ಹಿಡಿದು ಸರ್ಕಾರಕ್ಕೆ ಮಾಲು ಮಾರಬಹುದು.

ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ. 25ರಷ್ಟನ್ನು ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರೊಳಗೆ ಶೇ. 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ, ಶೇ. 3 ಮಹಿಳೆಯರ ಉದ್ಯಮಗಳಿಗೆ. ಟೆಂಡರ್ ಫಾರಂ ಉಚಿತ, ಇಎಂಡಿ ಠೇವಣಿಯೂ ಕಟ್ಟಬೇಕಿಲ್ಲ. ಕೈಯಲ್ಲಿ ಕಸುಬಿದ್ದು ಕಾಸಿಲ್ಲದವರಿಗೆ ಇದೇ ದೊಡ್ಡ ಅನುಕೂಲ.

ತಂದು ಮಾರುವವರಿಗೆ ಈ ಸೌಲಭ್ಯವಿಲ್ಲ, ಮಾಲು ತಾವೇ ತಯಾರಿಸಬೇಕು. ಆರ್ಡರ್ ಸಿಗುವ ಖಾತ್ರಿಯೂ ಇಲ್ಲ. ಆದರೆ ಅರ್ಜಿಯನ್ನೇ ಹಾಕದಿದ್ದರೆ ನಮ್ಮ ಪಾಲು ಕಾಗದದಲ್ಲೇ ಉಳಿಯುತ್ತದೆ. ನೋಂದಣಿಗೆ ಸರ್ಕಾರದ ಶುಲ್ಕವಿಲ್ಲ. ಜೆಮ್ ಪೋರ್ಟಲ್ ಬಳಸುವುದನ್ನು ಪಂಚಾಯಿತಿಯಲ್ಲೇ ಕಲಿಸಲಿ; ಮುಂದಿನ ಗ್ರಾಮಸಭೆಯಲ್ಲಿ ಕೇಳಿ.